ಕಾರ್ಪೆಟ್ ತೊಳೆಸುವ ಮುಂಚೆ ನೂಲು ನೋಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಕಾರ್ಪೆಟ್ ತೊಳೆಯುವವರು ನಮ್ಮ ಅಪಾರ್ಟ್‌ಮೆಂಟಿಗೆ ಬರುತ್ತಾರೆ. ಹೆಸರು ಕೊಟ್ಟಿರುವವರು ನಿಮ್ಮದು ಯಾವ ನೂಲು ಅಂತ ಶನಿವಾರದೊಳಗೆ ತಿಳಿಸಿ.

ಲೇಬಲ್ ಇಲ್ವಾ? ಅಂಚಿನಿಂದ ಒಂದೇ ಎಳೆ ಕತ್ತರಿಸಿ, ಚಿಮಟದಲ್ಲಿ ಹಿಡಿದು ಸಿಂಕ್ ಮೇಲೆ ಸುಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದದ ವಾಸನೆಯಾದರೆ ಹತ್ತಿ, ಸೆಣಬು. ಕರಗಿ ಗಟ್ಟಿ ಮಣಿಯಾದರೆ ನೈಲಾನ್, ಪಾಲಿಯೆಸ್ಟರ್ ಥರದ್ದು. ಬಿಸಿ ಮಣಿ ಮುಟ್ಟಬೇಡಿ, ಚರ್ಮಕ್ಕೆ ಅಂಟುತ್ತದೆ.

ಎಷ್ಟೇ ಕೊಳೆಯಿದ್ದರೂ ಉಣ್ಣೆಗೆ ಬ್ಲೀಚ್ ಹಾಕಲೇಬೇಡಿ, ನೂಲೇ ಹಾಳಾಗುತ್ತದೆ. ಸೆಣಬು ಜಾಸ್ತಿ ನೆನೆದರೆ ಕಂದು ಕಲೆ ಬೀಳುತ್ತದೆ. ಹಿಂದಿನ ದಿನ ಎರಡೂ ಕಡೆ ವ್ಯಾಕ್ಯೂಮ್ ಮಾಡಿಡಿ. ಒಣ ಮಣ್ಣಿಗೆ ನೀರು ಬಿದ್ದರೆ ಕೆಸರಾಗುತ್ತದೆ ಅಲ್ವಾ. ಫ್ಲಾಟ್ ನಂಬರ್, ಅಳತೆ, ನೂಲು ಮೂರನ್ನೂ ಒಂದೇ ಮೆಸೇಜಿನಲ್ಲಿ ಹಾಕಿ.