ಹಳೆಯ ಆಫ್‌ರೋಡ್ ವಾಹನಕ್ಕೆ ದೊಡ್ಡ ಗಾಲಿ: ಕಳೆದುಕೊಳ್ಳುವುದನ್ನೂ ಬರೆಯಿರಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಆಫ್‌ರೋಡ್ ವಾಹನಗಳನ್ನು ದುರಸ್ತಿ ಮಾಡಿ ಹೊಸ ರೂಪ ಕೊಡುವ ಹವ್ಯಾಸದ ಕುರಿತು ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಬಣ್ಣ, ಆಸನ, ದೀಪಗಳ ಬಗ್ಗೆ ಲೇಖಕರು ಬರೆದಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ 16 ಇಂಚಿನ ಮೂಲ ಗಾಲಿಗಳನ್ನು ಕಳಚಿ, 20 ಇಂಚಿನ ಅಲಾಯ್ ಗಾಲಿಗೆ ಲೋ ಪ್ರೊಫೈಲ್ (ಪಕ್ಕದ ಗೋಡೆ ಗಿಡ್ಡವಾದ) ಟೈರ್ ಹಾಕಿಸಿದ್ದನ್ನು ‘ಸುಧಾರಣೆ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗಿರುವುದನ್ನು ಒಪ್ಪಲಾರೆ. ಇಂತಹ ವಾಹನಗಳ ಆಕ್ಸಲ್, ಸ್ಟೀರಿಂಗ್ ಮತ್ತು ಬ್ರೇಕಿನ ಕೆಲಸದಲ್ಲಿ ಬಹುಕಾಲ ಕಳೆದವನಾಗಿ, ಆ ಬದಲಾವಣೆಯಿಂದ ವಾಹನಕ್ಕೆ ಏನಾಗುತ್ತದೆ ಎಂಬುದನ್ನು ಓದುಗರ ಗಮನಕ್ಕೆ ತರಲು ಬಯಸುತ್ತೇನೆ.

ಮೊದಲು ಅಳತೆಯನ್ನೇ ನೋಡೋಣ. 235/70 ಆರ್ 16 ಎಂಬ ಟೈರನ್ನು ತೆಗೆದುಕೊಂಡರೆ, ಅದರ ಅಗಲ 235 ಮಿಲಿಮೀಟರ್, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಆ ಅಗಲದ ಶೇ 70, ಅಂದರೆ ಸುಮಾರು 164 ಮಿಲಿಮೀಟರ್. 16 ಇಂಚಿನ ರಿಮ್ ಸೇರಿದರೆ ಒಟ್ಟು ವ್ಯಾಸ 735 ಮಿಲಿಮೀಟರಿನಷ್ಟಾಗುತ್ತದೆ. ಅದರ ಜಾಗದಲ್ಲಿ 255/45 ಆರ್ 20 ಹಾಕಿದರೆ ಒಟ್ಟು ವ್ಯಾಸ ಸುಮಾರು 737 ಮಿಲಿಮೀಟರ್. ಹೊರಗಿನ ಸುತ್ತಳತೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಇಲ್ಲದ್ದರಿಂದ ಅಂಗಡಿಯವರು ‘ಸರಿಯಾಗಿ ಕೂರುತ್ತದೆ’ ಎಂದು ಧೈರ್ಯವಾಗಿ ಹೇಳುತ್ತಾರೆ, ಆ ಮಾತು ಸುಳ್ಳೂ ಅಲ್ಲ. ಆದರೆ ಸೈಡ್‌ವಾಲ್ 164ರಿಂದ 115 ಮಿಲಿಮೀಟರಿಗೆ ಇಳಿದಿರುತ್ತದೆ. ರಿಮ್ಮಿಗೂ ನೆಲಕ್ಕೂ ನಡುವೆ ಇದ್ದ ರಬ್ಬರು ಮತ್ತು ಗಾಳಿಯಲ್ಲಿ ಸುಮಾರು 50 ಮಿಲಿಮೀಟರ್ ಕಡಿಮೆಯಾಯಿತು. ನಾನು ಹೇಳಬೇಕಾಗಿರುವುದೆಲ್ಲ ಈ 50 ಮಿಲಿಮೀಟರಿನ ಸುತ್ತಲೇ ಇದೆ.

ಆಫ್‌ರೋಡ್ ವಾಹನವನ್ನು ವಿನ್ಯಾಸ ಮಾಡುವವರು ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ರಬ್ಬರ್ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರಿನ ಉಂಗುರ) ಇವುಗಳ ಜೊತೆಗೆ ಟೈರಿನ ಮೆದುತನವನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಕಲ್ಲಿನ ಅಂಚು ತಗುಲಿದಾಗ ಮೊದಲು ಬಾಗುವುದು ಟೈರು. ಸ್ಪ್ರಿಂಗಿಗೆ ಆ ಹೊಡೆತ ತಲುಪುವುದು ಆಮೇಲೆ. 1970ರಲ್ಲಿ ಬಂದ ಮೊದಲ ರೇಂಜ್ ರೋವರ್ 205 ಆರ್ 16 ಅಳತೆಯ ಎತ್ತರದ ಟೈರಿನ ಮೇಲೆಯೇ ನಿಂತಿತ್ತು. ಮೇಲೆ ಕೆಳಗೆ ಹೆಚ್ಚು ಆಡಬಲ್ಲ ಅದರ ಕಾಯಿಲ್ ಸ್ಪ್ರಿಂಗುಗಳ ಮೆದು ನಡಿಗೆಯಲ್ಲಿ ಆ ಟೈರಿನ ಪಾಲೂ ಇತ್ತು. ಆ ಕಾಲದ ಇಂತಹ ಬಹಳಷ್ಟು ವಾಹನಗಳಲ್ಲಿ ಮುಂದೆ ಹಿಂದೆ ಇಡೀ ಆಕ್ಸಲ್ಲೇ ಮೇಲೆ ಕೆಳಗೆ ಆಡುತ್ತದೆ. ಆಕ್ಸಲ್, ಡಿಫರೆನ್ಷಿಯಲ್ (ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು), ಬ್ರೇಕು, ಗಾಲಿ ಎಲ್ಲವೂ ಸ್ಪ್ರಿಂಗಿನ ಕೆಳಗಿನ ಭಾರ. ಆ ಭಾರ ಮೊದಲೇ ಹೆಚ್ಚಾಗಿರುವ ವಾಹನಕ್ಕೆ ಇನ್ನೂ ತೂಕದ ಗಾಲಿ ಸೇರಿಸಿ, ಅದೇ ಹೊತ್ತಿಗೆ ಹೊಡೆತ ನುಂಗುತ್ತಿದ್ದ ಸೈಡ್‌ವಾಲನ್ನೂ ಕಡಿಮೆ ಮಾಡಿದರೆ, ಉಳಿದ ಹೊಡೆತವೆಲ್ಲ ಬುಷ್, ಬೇರಿಂಗ್, ಶಾಕ್ ಅಬ್ಸಾರ್ಬರಿನ ಕಣ್ಣು ಮತ್ತು ಚಾಸಿಯ ಬೆಸುಗೆಗಳ ಮೇಲೆ ಬೀಳುತ್ತದೆ. ಇವೆಲ್ಲ ಆಗಲೇ ವಯಸ್ಸಾದ ಭಾಗಗಳು.

ದೊಡ್ಡ ಗಾಲಿ ಯಾಕೆ ಹುಟ್ಟಿತು ಎಂಬುದನ್ನು ತಿಳಿದವರು ಕಡಿಮೆ. ವೇಗ ಮತ್ತು ತೂಕ ಹೆಚ್ಚಿದ ಹಾಗೆ ಬ್ರೇಕ್ ಡಿಸ್ಕಿನ ವ್ಯಾಸವೂ ಹೆಚ್ಚಬೇಕಾಯಿತು. ಅದನ್ನು ಒಳಗೆ ಕೂರಿಸಲು ರಿಮ್ ದೊಡ್ಡದಾಗಬೇಕಾಯಿತು, ಹೊರಗಿನ ವ್ಯಾಸ ಹಿಗ್ಗದಂತೆ ಟೈರು ತೆಳುವಾಯಿತು. ಹಳೆಯ ವಾಹನದಲ್ಲಿ ಗಾಲಿ ಮಾತ್ರ ಬದಲಾಗುತ್ತದೆ, ಡಿಸ್ಕ್ ಅಷ್ಟೇ ಇರುತ್ತದೆ. 20 ಇಂಚಿನ ಗಾಲಿಯ ಕಡ್ಡಿಗಳ ನಡುವೆ ಇಣುಕಿ ನೋಡಿದರೆ ಒಳಗೆ ಹಳೆಯ ಚಿಕ್ಕ ಡಿಸ್ಕ್ ಕಾಣುತ್ತದೆ. ಅಷ್ಟೇ ಡಿಸ್ಕಿಗೆ ಈಗ ಹಿಂದಿಗಿಂತ ಹೆಚ್ಚು ಕೆಲಸ. ಸುತ್ತುವ ವಸ್ತುವಿನ ಅಂಚಿನಲ್ಲಿರುವ ಪ್ರತಿ ಕಿಲೋ ತೂಕವನ್ನು ಮುಂದಕ್ಕೆ ಸಾಗಿಸುವುದಷ್ಟೇ ಸಾಲದು, ತಿರುಗಿಸಲೂ ಬೇಕು; ಆದ್ದರಿಂದ ವೇಗ ಹಿಡಿಯುವಾಗಲೂ ನಿಲ್ಲಿಸುವಾಗಲೂ ಅದು ಹೆಚ್ಚುಕಡಿಮೆ ಎರಡು ಕಿಲೋದಷ್ಟು ಶ್ರಮ ಕೇಳುತ್ತದೆ. ದೊಡ್ಡ ರಿಮ್ಮಿನಲ್ಲಿ ಲೋಹವು ನಡುವಿನಿಂದ ಅಂಚಿನ ಕಡೆಗೆ ಸರಿದಿರುತ್ತದೆ. ಇಳಿಜಾರಿನಲ್ಲಿ ಭಾರ ಹೊತ್ತು ಮತ್ತೆ ಮತ್ತೆ ಬ್ರೇಕ್ ಒತ್ತುವವರಿಗೆ ಈ ವ್ಯತ್ಯಾಸ ಪೆಡಲಿನ ಕೆಳಗೇ ತಿಳಿಯುತ್ತದೆ.

ಟಾರು ರಸ್ತೆಯ ಮೇಲೆ ಲೋ ಪ್ರೊಫೈಲ್ ಟೈರಿನಿಂದ ಲಾಭವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಸೈಡ್‌ವಾಲ್ ಬಾಗುವುದು ಕಡಿಮೆಯಾದ್ದರಿಂದ ಸ್ಟೀರಿಂಗ್ ತಿರುಗಿಸಿದ ತಕ್ಷಣ ವಾಹನ ಸ್ಪಂದಿಸುತ್ತದೆ, ತಿರುವಿನಲ್ಲಿ ಹಳೆಯ ವಾಹನದ ಆ ತೇಲಾಟವೂ ಕಡಿಮೆಯಾಗುತ್ತದೆ. ಹೊಸದಾಗಿ ಹಾಕಿಸಿದವರು ಮೊದಲ ದಿನವೇ ಮೆಚ್ಚುವುದು ಇದನ್ನೇ. ಆದರೆ ಎತ್ತರದ ವಾಹನದಲ್ಲಿ ಈ ಹಿಡಿತವೇ ಅಪಾಯಕ್ಕೆ ದಾರಿಯಾಗಬಲ್ಲದು. ಗಾಲಿಗಳ ನಡುವಿನ ಅಗಲ 1.5 ಮೀಟರ್, ಗುರುತ್ವ ಕೇಂದ್ರದ ಎತ್ತರ 0.75 ಮೀಟರ್ ಇರುವ ಒಂದು ವಾಹನವನ್ನು ಊಹಿಸಿಕೊಳ್ಳಿ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ 1 ಬರುತ್ತದೆ, ಅಂದರೆ ಅಡ್ಡಬಲ ವಾಹನದ ತೂಕದಷ್ಟಾದರೆ ಅದು ಮಗುಚತೊಡಗುತ್ತದೆ. ಟೈರಿನ ಪಕ್ಕದ ಹಿಡಿತ ತೂಕದ 0.8ರಷ್ಟಿದ್ದರೆ ವಾಹನ ಮಗುಚುವುದಕ್ಕೆ ಮೊದಲು ಜಾರುತ್ತದೆ, ಜಾರಿದರೆ ಚಾಲಕನಿಗೆ ಎಚ್ಚರವಾಗುತ್ತದೆ. ಹಿಡಿತ 1ರ ಹತ್ತಿರಕ್ಕೆ ಬಂದಂತೆಲ್ಲ ಜಾರುವ ಬದಲು ಒಳಬದಿಯ ಗಾಲಿ ನೆಲ ಬಿಡುವ ಸಾಧ್ಯತೆ ಹೆಚ್ಚುತ್ತದೆ. ವಾಹನ ಅಡ್ಡ ಸರಿಯುತ್ತಿರುವುದನ್ನು ಗ್ರಹಿಸಿ ಒಂದೊಂದೇ ಗಾಲಿಗೆ ಬ್ರೇಕ್ ಹಾಕುವ ಇಲೆಕ್ಟ್ರಾನಿಕ್ ವ್ಯವಸ್ಥೆ ಮಾರುಕಟ್ಟೆಯ ಕಾರುಗಳಿಗೆ ಬಂದದ್ದು 1995ರಲ್ಲಿ. ಅದಕ್ಕಿಂತ ಹಿಂದಿನ ಆಫ್‌ರೋಡ್ ವಾಹನದಲ್ಲಿ ಆ ಕಾವಲು ಇಲ್ಲ, ನಂತರ ತಂದು ಜೋಡಿಸುವುದೂ ಸುಲಭದ ಮಾತಲ್ಲ.

ರಸ್ತೆ ಬಿಟ್ಟು ಇಳಿದರೆ ಕಥೆಯೇ ಬೇರೆ. ಮರಳು, ಸಡಿಲ ಮಣ್ಣು, ಬಂಡೆಯ ದಾರಿಯಲ್ಲಿ ಚಾಲಕರು ಮೊದಲು ಮಾಡುವ ಕೆಲಸ ಟೈರಿನ ಗಾಳಿ ಇಳಿಸುವುದು. ರಸ್ತೆಯಲ್ಲಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರನ್ನು ಮರಳಿಗೆ 18ಕ್ಕೆ ಇಳಿಸಿದಾಗ ಸೈಡ್‌ವಾಲ್ ಉಬ್ಬಿ, ನೆಲಕ್ಕೆ ಒತ್ತುವ ಭಾಗ ಹಿಂದೆ ಮುಂದೆ ಉದ್ದವಾಗಿ, ವಾಹನ ಹೂತುಹೋಗದೆ ಮೇಲೆಯೇ ಸಾಗುತ್ತದೆ. ಈ ಉಪಾಯ ನಡೆಯಬೇಕಾದರೆ ಇಳಿಯಲು ಎತ್ತರವಿರುವ ಸೈಡ್‌ವಾಲ್ ಬೇಕು. 115 ಮಿಲಿಮೀಟರಿನ ಟೈರಿನಲ್ಲಿ ಅಷ್ಟು ಗಾಳಿ ಇಳಿಸಿದರೆ ರಿಮ್ಮಿನ ಅಂಚು ಬೇಗನೆ ನೆಲದ ಸನಿಹಕ್ಕೆ ಬರುತ್ತದೆ. ಒಂದು ಕಲ್ಲು ಸಿಕ್ಕಿದರೂ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಚಿವುಟಿದಂತಾಗಿ ಹರಿಯುತ್ತದೆ. ನಾಲ್ಕೂ ಗಾಲಿಗೆ ಬಲ ಕೊಡುವ ಗೇರು, ಲೋ ರೇಂಜ್ (ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರು), ಡಿಫರೆನ್ಷಿಯಲ್ ಲಾಕ್ ಎಲ್ಲವೂ ಇದ್ದು, ಅವನ್ನು ನೆಲಕ್ಕೆ ಮುಟ್ಟಿಸುವ ಟೈರು ಮಾತ್ರ ಆ ಕೆಲಸಕ್ಕೆ ಒಲ್ಲೆನೆಂದರೆ ಉಳಿದುದೆಲ್ಲ ಹೊತ್ತು ತಿರುಗುವ ಭಾರವಷ್ಟೇ.

ಗುಂಡಿ ಬಿದ್ದ ರಸ್ತೆಯಲ್ಲಿ ಆಗುವ ಹಾನಿ ಹೊರಗೆ ನಿಂತವರಿಗೆ ಕಾಣುವುದಿಲ್ಲ ಎಂಬುದನ್ನು ವಿಶೇಷವಾಗಿ ಹೇಳಬೇಕು. ಗಾಲಿಯನ್ನು ಕಳಚಿ, ಒಳಮುಖ ಮೇಲೆ ಬರುವಂತೆ ನೆಲಕ್ಕೆ ಮಲಗಿಸಿ, ಸೈಡ್‌ವಾಲಿನ ಮೇಲೆ ಅಂಗೈ ಸವರಿಕೊಂಡು ಒಂದು ಸುತ್ತು ಬಂದರೆ, ಹೊರಮುಖ ಹೊಸದರಂತೆ ಹೊಳೆಯುತ್ತಿರುವ ಟೈರಿನಲ್ಲಿಯೂ ಅರ್ಧ ನಿಂಬೆಹಣ್ಣಿನಷ್ಟು ಉಬ್ಬು ಕೈಗೆ ಸಿಗುವುದುಂಟು. ಅಲ್ಲಿ ರಬ್ಬರಿನ ಒಳಗಿನ ನೂಲಿನ ಎಳೆಗಳು ತುಂಡಾಗಿವೆ, ಗಾಳಿಯ ಒತ್ತಡವನ್ನು ಈಗ ಬರೀ ರಬ್ಬರು ತಡೆದಿದೆ ಎಂದು ಅರ್ಥ. ಅದಕ್ಕೆ ತೇಪೆಯೂ ಇಲ್ಲ, ದುರಸ್ತಿಯೂ ಇಲ್ಲ. ಆ ಟೈರನ್ನು ತೆಗೆದುಹಾಕಲೇಬೇಕು. ಅದೇ ಸುತ್ತಿನಲ್ಲಿ ರಿಮ್ಮಿನ ಒಳ ಅಂಚನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು. ಎರಕದ ಅಲಾಯ್ ಅಂಚು ಬಾಗಿದ್ದರೆ ಬೆರಳಿಗೆ ತಗ್ಗು ಸಿಗುತ್ತದೆ, ಕೂದಲೆಳೆಯಷ್ಟು ಬಿರುಕಿದ್ದರೆ ಉಗುರಿಗೆ ತಡೆಯುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಗಾಳಿ ಇಳಿಯುತ್ತಿದ್ದು ಪಂಕ್ಚರ್ ಮಾತ್ರ ಸಿಗದ ಟೈರುಗಳಲ್ಲಿ ಎಷ್ಟೋ ಸಲ ಕಾರಣ ಈ ಅಂಚಿನಲ್ಲೇ ಇರುತ್ತದೆ.

ಭಾರದ ಅಂಕಿಯನ್ನು ಓದದೆ ಟೈರು ಕೊಳ್ಳುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಅಳತೆಯ ಪಕ್ಕದಲ್ಲಿ ಅಚ್ಚಾಗಿರುವ 105 ಎಂಬ ಅಂಕಿಗೆ ಆ ಟೈರು 925 ಕಿಲೋ ಹೊರಬಲ್ಲದು ಎಂದು ಅರ್ಥ. 98 ಎಂದಿದ್ದರೆ 750 ಕಿಲೋ ಮಾತ್ರ. ಒಂದು ಟೈರಿಗೆ 175 ಕಿಲೋ, ನಾಲ್ಕಕ್ಕೆ 700 ಕಿಲೋ ಕಡಿಮೆ. ಲೋ ಪ್ರೊಫೈಲ್ ಅಳತೆಗಳಲ್ಲಿ ಹಲವು ತಯಾರಾಗಿರುವುದು ಹಗುರವಾದ ರಸ್ತೆ ಕಾರುಗಳಿಗಾಗಿ. ಪ್ರಯಾಣಿಕರು, ಸಾಮಾನು, ಹಿಂದೆ ಎಳೆಯುವ ಟ್ರೈಲರು ಎಲ್ಲ ಸೇರಿದ ಭಾರವನ್ನು ಮೂಲ ಟೈರು ಹೊರುತ್ತಿದ್ದ ಹಾಗೆ ಹೊಸದು ಹೊರುವುದೇ ಎಂಬುದನ್ನು ಅಂಕಿ ನೋಡಿಯೇ ತೀರ್ಮಾನಿಸಬೇಕು. ಹೆಚ್ಚು ಭಾರಕ್ಕೆಂದು ಬಲಪಡಿಸಿದ ಟೈರುಗಳು ಸಿಗುತ್ತವೆ, ಆದರೆ ಅವು ಆ ಭಾರ ಹೊರಬೇಕಾದರೆ ಗಾಳಿಯ ಒತ್ತಡವೂ ಹೆಚ್ಚಿರಬೇಕು, ನಡಿಗೆ ಇನ್ನಷ್ಟು ಗಡುಸಾಗುತ್ತದೆ.

ಇನ್ನು ಗಾಲಿ ಹಬ್ಬಿನ (ಆಕ್ಸಲ್ ತುದಿಯಲ್ಲಿ ಗಾಲಿಯನ್ನು ಬಿಗಿಯುವ ಭಾಗದ) ಮೇಲೆ ಕೂರುವ ಬಗೆ. ಬೋಲ್ಟು ವೃತ್ತದ ಅಳತೆ, ನಡುವಿನ ರಂಧ್ರ, ನಟ್ಟಿನ ಕೂರುವ ಮುಖ ಓರೆಯೋ ಚಪ್ಪಟೆಯೋ ಎಂಬುದು, ಇವುಗಳಲ್ಲಿ ಯಾವುದೊಂದು ಹೊಂದದಿದ್ದರೂ ಗಾಲಿ ನಡುಗುತ್ತದೆ, ಇಲ್ಲವೇ ನಟ್ಟು ಸಡಿಲವಾಗುತ್ತದೆ. ಹೆಚ್ಚಿನವರು ಇಷ್ಟನ್ನು ನೋಡುತ್ತಾರೆ. ಅವರು ಕೈಬಿಡುವುದು ಆಫ್‌ಸೆಟ್ಟನ್ನು, ಅಂದರೆ ಗಾಲಿಯ ನಡುಗೆರೆಗೂ ಅದು ಹಬ್ಬಿಗೆ ಕೂರುವ ಮುಖಕ್ಕೂ ಇರುವ ಅಂತರವನ್ನು. ಗಾಲಿ ಹೊರಗೆ ಚಾಚಿಕೊಂಡರೆ ನೋಟ ಗಟ್ಟಿಮುಟ್ಟಾಗಿ ಕಾಣುತ್ತದೆ ಎಂದು ಸ್ಪೇಸರ್ (ಗಾಲಿ ಮತ್ತು ಹಬ್ಬಿನ ನಡುವಿನ ಲೋಹದ ಬಿಲ್ಲೆ) ಹಾಕಿಸಿ 25 ಅಥವಾ 30 ಮಿಲಿಮೀಟರ್ ಹೊರಗೆ ತಂದಾಗ, ಭಾರ ಬೀಳುವ ರೇಖೆ ಬೇರಿಂಗುಗಳಿಂದ ಅಷ್ಟೇ ದೂರ ಸರಿಯುತ್ತದೆ, ಸ್ಟೀರಿಂಗ್ ತಿರುಗುವ ಅಕ್ಷಕ್ಕೂ ಟೈರಿನ ನಡುವಿಗೂ ಇರುವ ಅಂತರ ಬದಲಾಗುತ್ತದೆ. ಪ್ರತಿ ಗುಂಡಿಯೂ ಸ್ಟೀರಿಂಗನ್ನು ಕೈಯಿಂದ ಕಿತ್ತುಕೊಳ್ಳುವಂತೆ ಎಳೆಯುತ್ತದೆ. ಇಡಿಯ ಆಕ್ಸಲ್ ಇರುವ ಹಳೆಯ ವಾಹನದಲ್ಲಿ ಪ್ಯಾನ್ಹಾರ್ಡ್ ರಾಡಿನ (ಆಕ್ಸಲ್ ಅಡ್ಡ ಸರಿಯದಂತೆ ಹಿಡಿಯುವ ಸರಳು) ಬುಷ್, ಸ್ವಿವೆಲ್ ಬೇರಿಂಗ್ (ಮುಂದಿನ ಗಾಲಿ ತಿರುಗುವ ಕೀಲು), ಟೈ ರಾಡ್ (ಮುಂದಿನ ಎರಡು ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ಸರಳು) ತುದಿಗಳು ಸ್ವಲ್ಪ ಸವೆದಿದ್ದರೂ ಸಾಕು, ಒಂದು ವೇಗದಲ್ಲಿ ಮುಂದಿನ ಎರಡೂ ಗಾಲಿಗಳು ಹಿಡಿತ ತಪ್ಪಿ ಅಲುಗಾಡತೊಡಗುತ್ತವೆ. ಆಗ ಮಾಲೀಕರು ಗಾಲಿ ಬ್ಯಾಲೆನ್ಸಿಂಗ್ ಮಾಡಿಸುತ್ತ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ, ಸವೆದ ಬುಷ್ ಮಾತ್ರ ಅಲ್ಲೇ ಉಳಿದಿರುತ್ತದೆ.

ತಾಗುತ್ತದೆಯೋ ಇಲ್ಲವೋ ಎಂದು ನೋಡುವ ರೀತಿಯೂ ಬದಲಾಗಬೇಕು. ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಸ್ಟೀರಿಂಗ್ ಎರಡೂ ಕಡೆ ತಿರುಗಿಸಿ ‘ಸರಿ ಇದೆ’ ಎನ್ನುವುದು ಸಾಲದು. ಒಂದು ಮುಂದಿನ ಗಾಲಿಯನ್ನು ಎತ್ತರದ ದಿಮ್ಮಿಯ ಮೇಲೆ ಹತ್ತಿಸಿ, ಸ್ಪ್ರಿಂಗು ಪೂರ್ತಿ ಒತ್ತಿರುವಾಗ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಬೇಕು. ಮಡ್‌ಗಾರ್ಡಿನ ಒಳಮೈ, ರೇಡಿಯಸ್ ಆರ್ಮ್ (ಆಕ್ಸಲನ್ನು ಚಾಸಿಗೆ ಹಿಡಿದಿಡುವ ತೋಳು), ಬ್ರೇಕ್ ಹೋಸು ಇವುಗಳಿಗೆ ಮೊದಲೇ ಸೀಮೆಸುಣ್ಣ ಬಳಿದಿಟ್ಟರೆ ಟೈರು ಎಲ್ಲಿ ಸವರಿತು ಎಂಬುದು ಬಿಳಿ ಗುರುತಾಗಿ ರಬ್ಬರಿನ ಮೇಲೆ ಮೂಡುತ್ತದೆ. ನಂತರ ಇನ್ನೊಂದು ಬದಿಗೂ ಹಾಗೆಯೇ ಮಾಡಬೇಕು. ಬ್ರೇಕ್ ಹೋಸಿನ ಸುಣ್ಣ ಟೈರಿಗೆ ಅಂಟಿತೆಂದರೆ ಆ ಗಾಲಿಯನ್ನು ಅಂದೇ ಕಳಚಬೇಕು, ಅದರಲ್ಲಿ ರಾಜಿ ಇಲ್ಲ.

ಒಟ್ಟು ವ್ಯಾಸವೂ ಹೆಚ್ಚುವಂತಹ ಟೈರು ಹಾಕಿಸಿದರೆ ಇನ್ನೊಂದು ತೊಡಕು. ವ್ಯಾಸ ಶೇ 5ರಷ್ಟು ಹೆಚ್ಚಾದರೆ, ಮೀಟರು 100 ತೋರಿಸುವಾಗ ವಾಹನ 105 ಕಿಲೋಮೀಟರ್ ವೇಗದಲ್ಲಿರುತ್ತದೆ. ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಮೀಟರನ್ನು ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಒಪ್ಪುವುದಿಲ್ಲ. ಸ್ಟೆಪ್ನಿ ಗಾಲಿಯನ್ನು ಹಳೆಯ ಅಳತೆಯಲ್ಲೇ ಬಿಟ್ಟುಬಿಡುವವರೂ ಇದ್ದಾರೆ. ಸದಾ ನಾಲ್ಕು ಗಾಲಿಗೆ ಬಲ ಹೋಗುವ ವಾಹನದಲ್ಲಿ ಒಂದು ಗಾಲಿಯ ಸುತ್ತಳತೆ ಬೇರೆಯಾದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗಿ ಬಿಸಿಯಾಗುತ್ತದೆ.

ಹೀಗೆಂದು ಹಳೆಯ ವಾಹನವನ್ನು ಮುಟ್ಟಲೇಬಾರದು ಎಂದು ನಾನು ಹೇಳುತ್ತಿಲ್ಲ. ಟಾರು ರಸ್ತೆಯಲ್ಲೇ ಓಡಿಸುವವರು 235/70 ಆರ್ 16ರಿಂದ 255/55 ಆರ್ 18ಕ್ಕೆ ಹೋದರೆ ಒಟ್ಟು ವ್ಯಾಸ 738 ಮಿಲಿಮೀಟರ್, ಸೈಡ್‌ವಾಲ್ 140 ಮಿಲಿಮೀಟರ್ ಉಳಿಯುತ್ತದೆ. ಭಾರದ ಅಂಕಿ ಮತ್ತು ಆಫ್‌ಸೆಟ್ ಮೂಲದಂತೆಯೇ ಇದ್ದು, ಬುಷ್ ಬೇರಿಂಗುಗಳನ್ನು ಮೊದಲು ಸರಿಪಡಿಸಿಕೊಂಡರೆ ಅದು ನನ್ನ ಮಟ್ಟಿಗೆ ಒಪ್ಪಬಹುದಾದ ಬದಲಾವಣೆ. ಅದಕ್ಕಿಂತ ಮುಂದೆ ಹೋಗುವವರು ಮೂಲ ಗಾಲಿಗಳ ಪೂರ್ತಿ ಸೆಟ್ಟನ್ನು ಒಳ್ಳೆಯ ಟೈರಿನೊಂದಿಗೆ ಉಳಿಸಿಕೊಂಡು, ಮಣ್ಣಿಗೆ ಇಳಿಯುವಾಗ ಅವನ್ನೇ ಹಾಕಿಕೊಳ್ಳಲಿ. ಹಾಗೆ ಎತ್ತಿಟ್ಟ ಟೈರಿಗೂ ವಯಸ್ಸಾಗುತ್ತದೆ. ಸೈಡ್‌ವಾಲಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನು, ನಂತರದ ಎರಡು ವರ್ಷವನ್ನು ಹೇಳುತ್ತವೆ, 2319 ಎಂದರೆ 2019ರ 23ನೇ ವಾರ.

ಮುಂದೆ ಇಂತಹ ವಾಹನದ ಚಿತ್ರವನ್ನು ಪ್ರಕಟಿಸುವಾಗ, ಅದರ ಕೆಳಗೆ ಹಳೆಯ ಮತ್ತು ಹೊಸ ಟೈರಿನ ಅಳತೆ, ಎರಡರ ಭಾರದ ಅಂಕಿ, ಗಾಲಿಯ ಆಫ್‌ಸೆಟ್ ಇಷ್ಟನ್ನಾದರೂ ಅಚ್ಚು ಹಾಕಬೇಕೆಂದು, ಮತ್ತು ಆ ವಾಹನವನ್ನು ಮಣ್ಣಿನ ದಾರಿಯಲ್ಲಿ ಓಡಿಸಿ ನೋಡಿದ್ದಾರೆಯೇ ಎಂಬುದನ್ನು ಮಾಲೀಕರಿಂದ ಕೇಳಿ ಬರೆಯಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ಒಬ್ಬ ಓದುಗ