ಮಗಳಿಗೊಂದು ಪತ್ರ: ರೊಟ್ಟಿ ಜೊತೆಗಿನ ಕಾಳುಪಲ್ಯ

ಪ್ರೀತಿಯ ಮಗಳಿಗೆ, ಅವ್ವನ ಆಶೀರ್ವಾದ.

ನೀನು ಕಳಿಸಿದ ರಕ್ತದ ರಿಪೋರ್ಟ್ ನೋಡಿದೆ. ಹಿಮೋಗ್ಲೋಬಿನ್ 9.6. ಹೆಣ್ಣುಮಕ್ಕಳಿಗೆ ಕಡಿಮೆ ಅಂದ್ರೂ 12 ಇರಬೇಕು. "ಹಾಸ್ಟೆಲಿನಲ್ಲಿ ಎಲ್ಲರಿಗೂ ಇಷ್ಟೇ ಇದೆ, ಬಿಡವ್ವ" ಅಂದೆಯಲ್ಲ, ಆ ಮಾತೇ ನನಗೆ ಚಿಂತೆ ಹಚ್ಚಿದೆ. ಬಹಳ ಜನರಿಗೆ ಇದೆ ಅನ್ನೋದು ಖರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಹಾಗಂತ ಅದನ್ನು ಸುಮ್ನೆ ಬಿಡೋಕಾಗುತ್ತಾ? ಅಂಗನವಾಡಿಯಲ್ಲಿ ಊರಿನ ಹುಡುಗಿಯರಿಗೆ ಹೇಳೋದನ್ನೇ ನಿನಗೆ ಕುಳಿತು ಬರೆಯುತ್ತಿದ್ದೇನೆ.

ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ತೂಕಡಿಕೆ ಅಂತ ನೀನು ಹೇಳಿದ್ದೆ. ಅದು ಸೋಮಾರಿತನ ಅಲ್ಲ. ಉಸಿರಿನಿಂದ ಬಂದ ಆಮ್ಲಜನಕವನ್ನು ಮೈಗೆಲ್ಲ ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಅದನ್ನು ಕಟ್ಟಲು ಕಬ್ಬಿಣಾಂಶ ಬೇಕು. ಕಬ್ಬಿಣ ಸಾಲದಿದ್ದರೆ ಮಿದುಳಿಗೂ ಕಾಲಿಗೂ ಆಮ್ಲಜನಕ ಸಾಲದು. ಕನ್ನಡಿ ಮುಂದೆ ನಿಂತು ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಎಳೆದು ನೋಡು. ಒಳಗೆ ಚೆನ್ನಾಗಿ ಕೆಂಪಾಗಿರಬೇಕು. ನಿನ್ನದು ಬಿಳಿಚಿಕೊಂಡಿರಬಹುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕು, ನಮಗೆ 29. ತಿಂಗಳು ತಿಂಗಳು ರಕ್ತ ಹೋಗುತ್ತೆ ಅಲ್ವಾ, ಅದಕ್ಕೆ. ಆದರೆ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಉಣ್ಣೋರು ಹೆಣ್ಣುಮಕ್ಕಳೇ. ನಮ್ಮ ಕಡೆ ಇದು ಇನ್ನೂ ಹೋಗಿಲ್ಲ ಅನ್ನೋದು ನನಗೆ ಬಹಳ ಬೇಸರದ ಸಂಗತಿ. ನಿನಗೆ ಹಾಗೆ ಬಡಿಸಿದವಳಲ್ಲ ನಾನು. ನೀನೇ ನಿನಗೆ ಹಾಗೆ ಬಡಿಸಿಕೊಳ್ಳಬೇಡ.

ಈಗ ನಿನ್ನ ಊಟದ ಮಾತು. ಬೆಳಿಗ್ಗೆ ಚಹಾ ಬಿಸ್ಕೀಟು, ಮಧ್ಯಾಹ್ನ ಅನ್ನ ಸಾರು, ಸಂಜೆ ಗೆಳತಿಯರ ಜೊತೆ ಗಿರ್ಮಿಟ್ಟೋ ಮಿರ್ಚಿಯೋ, ಮೇಲೆ ಮತ್ತೆ ಚಹಾ. ಹೊಟ್ಟೆ ತುಂಬುತ್ತೆ, ಹಸಿವಿನ ಗೋಳಿಲ್ಲ. ಇದ್ದದ್ದೆಲ್ಲ ಹಿಟ್ಟು, ಸಕ್ಕರೆ, ಎಣ್ಣೆ. ಓಡಾಡಲು ಶಕ್ತಿ ಅದರಿಂದ ಬರುತ್ತೆ, ಮೈ ಕಟ್ಟುವ ಪ್ರೋಟೀನ್ ಬರೋದು ಕಡಿಮೆ. ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನಿನ್ನ 48 ಕೆಜಿಗೆ ಸುಮಾರು 40 ಗ್ರಾಂ. ಒಂದು ಹಿಡಿ, ಅಂದರೆ ಸುಮಾರು 30 ಗ್ರಾಂ ಒಣ ಹೆಸರುಕಾಳಿನಲ್ಲಿ 7 ಗ್ರಾಂ ಇರುತ್ತೆ, ಅಷ್ಟೇ ಶೇಂಗಾದಲ್ಲೂ ಹೆಚ್ಚು ಕಡಿಮೆ ಅಷ್ಟೇ. ಒಂದು ಮೊಟ್ಟೆಯಲ್ಲಿ 6. ಇದಕ್ಕೆ ಡಬ್ಬಿ ಪೌಡರ್ ಯಾಕೆ ಬೇಕು? ಆ ದುಡ್ಡಿಗೆ ಎಷ್ಟು ಕಾಳು ಬರುತ್ತೆ!

ನಮ್ಮ ತಾಟನ್ನು ಒಮ್ಮೆ ನೆನಪಿಸಿಕೋ. ಬಿಳಿಜೋಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಶೇಂಗಾ ಹಿಂಡಿ ಅಥವಾ ಗುರೆಳ್ಳು ಹಿಂಡಿ, ಮೊಸರು, ಬದಿಗೆ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಅನ್ನೋ ಅಂಶ ಕಡಿಮೆ. ಕಾಳಿನಲ್ಲಿ ಅದು ಜಾಸ್ತಿ. ಕಾಳಿನಲ್ಲಿ ಕೊರತೆ ಇರುವ ಮೆಥಿಯೋನಿನ್ ಜೋಳದಿಂದ ಸಿಗುತ್ತೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತೆ. ರೊಟ್ಟಿ ಒಂದನ್ನೇ ತಿಂದರೂ ಸಾಲದು, ಕಾಳೊಂದನ್ನೇ ತಿಂದರೂ ಸಾಲದು. ನಿನ್ನ ಅಜ್ಜಿ ಲೈಸಿನ್ ಹೆಸರೇ ಕೇಳಿದವರಲ್ಲ, ಆದರೆ ಕಾಳುಪಲ್ಯ ಇಲ್ಲದೆ ರೊಟ್ಟಿ ಬಡಿಸಿದವರೂ ಅಲ್ಲ. ಮೆಸ್ಸಿನಲ್ಲಿ ರೊಟ್ಟಿ ಇದ್ದ ದಿನ ಅನ್ನದ ಸಾಲಿಗೆ ಹೋಗಬೇಡ. ಪಲ್ಯ ಎರಡು ಸಲ ಹಾಕಿಸಿಕೋ, ನಾಚಿಕೆ ಬೇಡ.

ಕಾಳು, ಸೊಪ್ಪಿನಲ್ಲಿ ಕಬ್ಬಿಣ ಇದ್ದರೂ ಮೈ ಹೀರಿಕೊಳ್ಳೋದು ಸ್ವಲ್ಪವೇ. ಲಿಂಬೆಹುಳಿ ಹಿಂಡಿದರೆ ಅದು ಹೆಚ್ಚುತ್ತೆ, ಅದರಲ್ಲಿನ ವಿಟಮಿನ್ ಸಿ ಕಾರಣ. ಪೇರಲ, ನೆಲ್ಲಿಕಾಯಿಯೂ ಆದೀತು. ಚಹಾ ಇದಕ್ಕೆ ಉಲ್ಟಾ. ಅದರ ಒಗರು ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತೆ. ಚಹಾ ಬಿಡು ಅನ್ನಲ್ಲ, ಹುಬ್ಬಳ್ಳಿಯಲ್ಲಿ ಅದಾಗದ ಮಾತು. ಊಟಕ್ಕೆ ಒಂದು ತಾಸು ಮೊದಲು, ಊಟವಾಗಿ ಒಂದು ತಾಸು ನಂತರ ಕುಡಿ, ಅಷ್ಟೇ.

ರೂಮಿನಲ್ಲಿ ಒಲೆ ಇಲ್ಲ ಅಂತ ನೆಪ ಹೇಳಬೇಡ. ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕು. ಬೆಳಿಗ್ಗೆ ನೀರು ಬಸಿದು ತೊಳೆದ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿಡು. ಬಟ್ಟೆ ಒಣಗಿದರೆ ನೀರು ಚಿಮುಕಿಸು. ಸಂಜೆಗೆ ಬಿಳಿ ಮೊಳಕೆ ಇಣುಕುತ್ತೆ. ಚೆನ್ನಾಗಿ ತೊಳೆದು, ಕೆಟಲ್‌ನಲ್ಲಿ ಕಾಯಿಸಿದ ಕುದಿನೀರಿನಲ್ಲಿ ಸ್ವಲ್ಪ ಹೊತ್ತು ಮುಚ್ಚಿಟ್ಟು, ಬಸಿದು, ಉಳ್ಳಾಗಡ್ಡಿ, ಲಿಂಬೆ, ಚೂರು ಉಪ್ಪು ಹಾಕಿ ತಿನ್ನು. ಮೊಳಕೆ ಬಂದಾಗ ಕಬ್ಬಿಣಕ್ಕೆ ಅಡ್ಡಬರುವ ಫೈಟೇಟ್ ಕೂಡ ಕಡಿಮೆಯಾಗುತ್ತೆ.

ಇಷ್ಟಾದರೂ 9.6 ಇದ್ದಾಗ ಊಟವೊಂದರಿಂದಲೇ ಸರಿಹೋಗಲ್ಲ, ಡಾಕ್ಟರು ಬರೆದ ಗುಳಿಗೆ ತಪ್ಪಿಸಬೇಡ. ಮಲ ಕಪ್ಪಗಾಗುತ್ತೆ, ಹೆದರಬೇಡ. ಹೊಟ್ಟೆ ತೊಳಸಿದರೆ ಊಟದ ಮೇಲೆ ತಗೋ. ಹಾಲು, ಚಹಾದ ಜೊತೆ ಬೇಡ. ಕೆಂಪು ರಕ್ತಕಣ ಬದುಕೋದು ಸುಮಾರು 120 ದಿನ. ಹೊಸ ರಕ್ತ ಕಟ್ಟಲು, ಮೈಯಲ್ಲಿ ಕಬ್ಬಿಣದ ಸಂಗ್ರಹ ತುಂಬಲು ತಿಂಗಳುಗಳೇ ಬೇಕು. ಸುಸ್ತು ಹೋಯಿತು ಅಂತ ಅರ್ಧಕ್ಕೆ ನಿಲ್ಲಿಸಿದವರು ಮತ್ತೆ ಅಲ್ಲಿಗೇ ಬಂದದ್ದನ್ನು ನೋಡಿದ್ದೇನೆ. ರಕ್ತ ಕಟ್ಟಲು ಬೇಕಾದ ವಿಟಮಿನ್ ಬಿ12 ಕೂಡ ಪರೀಕ್ಷೆ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳು. ಅದು ಕಾಳು ಸೊಪ್ಪಿನಲ್ಲಿ ಸಿಗಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲೇ ಇರೋದು. ಮೊಸರಿನ ವಾಟಿ ಬಿಡಬೇಡ.

ಭಾನುವಾರ ಅಪ್ಪ ಹುಬ್ಬಳ್ಳಿಗೆ ಬರುತ್ತಾರೆ. ಗುರೆಳ್ಳು ಹಿಂಡಿ, ಹುರಿದ ಶೇಂಗಾ, ಎರಡು ಕೆಜಿ ಹೆಸರುಕಾಳು ಕಳಿಸುತ್ತೇನೆ. ಲಿಂಬೆಹಣ್ಣು ಅಲ್ಲೇ ತಗೋ. ಮುಂದಿನ ರಕ್ತ ಪರೀಕ್ಷೆ ಯಾವತ್ತು ಅಂತ ಡಾಕ್ಟರನ್ನು ಕೇಳಿ ನನಗೆ ತಿಳಿಸು.

ನಿನ್ನ ಅವ್ವ
ಗದಗ