ಕ್ರಿಸ್‌ಮಸ್ ಕಾಲದಲ್ಲಿ ಕೆಥೆಡ್ರಲ್ ನೋಡಲು ಹೋಗುವವರಿಗೆ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಯುರೋಪಿನ ಹಳೆಯ ಕೆಥೆಡ್ರಲ್‌ಗಳ ಚಿತ್ರಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಬಹುಮಟ್ಟಿಗೆ ಎಲ್ಲವೂ ಒಂದೇ ಬಗೆಯವು: ಕತ್ತಲಾದ ಆಕಾಶ, ದೀಪ ಬಿದ್ದ ಗೋಪುರ, ಅದರ ಬುಡದಲ್ಲಿ ಕ್ರಿಸ್‌ಮಸ್ ಸಂತೆಯ ಅಂಗಡಿಸಾಲು. ಜರ್ಮನಿಯ ಕಲೋನ್ ನಗರದ ಕೆಥೆಡ್ರಲ್ಲನ್ನು ಒಂದು ಡಿಸೆಂಬರಿನಲ್ಲಿ ಎರಡು ಸಲ, ಎರಡು ರೀತಿಯಲ್ಲಿ ನೋಡಿದ ನನಗೆ, ಈ ಚಿತ್ರಗಳನ್ನು ನಂಬಿ ಹೊರಡುವ ಓದುಗರು ಮುಖ್ಯವಾದುದನ್ನೇ ಕಾಣದೆ ಮರಳುತ್ತಾರೆಂಬ ಕಳವಳವಿದೆ. ಆ ಕಾರಣಕ್ಕೆ ಈ ಪತ್ರ.

ಮೊದಲ ಸಲ ಹೋದದ್ದು ಪ್ರವಾಸಿ ತಂಡದೊಂದಿಗೆ, ಸಂಜೆ ಐದರ ಮೇಲೆ. ನಮಗೆ ಕೊಟ್ಟಿದ್ದ ಸಮಯ ನಲವತ್ತು ನಿಮಿಷ. ಆ ತಿಂಗಳಲ್ಲಿ ಅಲ್ಲಿ ನಾಲ್ಕೂವರೆಯ ಹೊತ್ತಿಗೇ ಸೂರ್ಯ ಮುಳುಗುವುದರಿಂದ ಬಣ್ಣದ ಗಾಜಿನ ಕಿಟಕಿಗಳೆಲ್ಲ ಕರಿಹಲಗೆಗಳಂತೆ ನಿಂತಿದ್ದವು. ಮೇಣದಬತ್ತಿ ಹಚ್ಚಿಡುವ ಜಾಗದಲ್ಲಿ ಮಳೆಗೆ ತೊಯ್ದ ಕೋಟು ತೊಟ್ಟಿದ್ದ ವೃದ್ಧೆಯೊಬ್ಬರು, ಇನ್ನೂ ಹಚ್ಚದ ಬತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ಉರಿಯುವ ಬತ್ತಿಗಳ ಮುಂದೆ ನಮ್ಮ ತಂಡದವರು ಒಬ್ಬರಾದ ಮೇಲೊಬ್ಬರು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದುದರಿಂದ ಅವರಿಗೆ ಮುಂದೆ ಬರಲು ದಾರಿಯಿರಲಿಲ್ಲ. ಅವರು ಯಾರಿಗೂ ಏನೂ ಹೇಳಲಿಲ್ಲ. ನಾನೂ ಆ ಸಾಲಿನಲ್ಲಿದ್ದೆ. ಅವರನ್ನು ನೋಡಿದ ಮೇಲೆ ಪಕ್ಕಕ್ಕೆ ಸರಿದೆನಾದರೂ, ಅಷ್ಟು ತಡವಾಗಿ ಸರಿದುದಕ್ಕೆ ಇಂದಿಗೂ ನಾಚಿಕೆಯಿದೆ.

ಮರುದಿನ ಬೆಳಗ್ಗೆ, ತಂಡ ಹೊರಡುವ ಮುನ್ನ, ಒಬ್ಬನೇ ಹೋಗಿ ಒಂದು ಬೆಂಚಿನ ಮೇಲೆ ಕುಳಿತೆ. ಗಾಯಕವೃಂದದ ಪೀಠಗಳಿರುವ ಪೂರ್ವಭಾಗದಲ್ಲಿ, ಬಹಳ ಎತ್ತರದಲ್ಲಿ, 14ನೇ ಶತಮಾನದ ಆರಂಭದ ಕಿಟಕಿಗಳಿವೆ. ಅವುಗಳಲ್ಲಿ ಕಿರೀಟ ತೊಟ್ಟ ಅರಸರ ಸಾಲು ನಿಂತಿದೆ. ಚಳಿಗಾಲದ ಮಂಕು ಬೆಳಕಿಗೂ ಆ ಕೆಂಪು, ನೀಲಿಗಳು ನಿಧಾನವಾಗಿ ಎಚ್ಚರಗೊಂಡವು. ಹಿಂದಿನ ಸಂಜೆ ಇದೇ ಜಾಗದಲ್ಲಿ ನಾನು ಕತ್ತಲನ್ನಷ್ಟೇ ಕಂಡಿದ್ದೆ.

ಕೆಥೆಡ್ರಲ್ ಎಂದರೆ ಕೇವಲ ದೊಡ್ಡ ಚರ್ಚ್ ಅಲ್ಲ, ಧರ್ಮಾಧ್ಯಕ್ಷರ ಪೀಠವಿರುವ ಚರ್ಚ್. ಕಲೋನ್‌ನದಕ್ಕೆ ಕ್ರಿಸ್‌ಮಸ್ ಕಾಲದೊಂದಿಗೆ ಇನ್ನೂ ಹತ್ತಿರದ ನಂಟಿದೆ. ನಕ್ಷತ್ರವನ್ನು ಕಂಡು ಬೆತ್ಲೆಹೇಮಿಗೆ ಬಂದ ಪೂರ್ವದೇಶದ ಜೋಯಿಸರ ಅಸ್ಥಿಗಳೆಂದು ಭಕ್ತರು ನಂಬುವ ಅವಶೇಷಗಳನ್ನು 1164ರಲ್ಲಿ ಮಿಲಾನ್ ನಗರದಿಂದ ಇಲ್ಲಿಗೆ ತರಲಾಯಿತು. ಅವನ್ನು ಕಾಣಲು ಯುರೋಪಿನ ಮೂಲೆಮೂಲೆಗಳಿಂದ ಯಾತ್ರಿಕರು ಬರತೊಡಗಿದರು. ಹಳೆಯ ಚರ್ಚಿನ ಜಾಗದಲ್ಲಿ 1248ರ ಆಗಸ್ಟ್ 15ರಂದು ಈಗಿನ ಕಟ್ಟಡಕ್ಕೆ ಅಡಿಗಲ್ಲು ಬಿತ್ತು. 16ನೇ ಶತಮಾನದಲ್ಲಿ ಕೆಲಸ ನಿಂತುಹೋಯಿತು; ಅರ್ಧ ಎದ್ದ ದಕ್ಷಿಣ ಗೋಪುರದ ತಲೆಯ ಮೇಲೆ ಕಲ್ಲೆತ್ತುವ ಮರದ ಯಂತ್ರವೊಂದು ಶತಮಾನಗಳ ಕಾಲ ಹಾಗೆಯೇ ನಿಂತಿತ್ತು. 1842ರಲ್ಲಿ ಕೆಲಸ ಮತ್ತೆ ಆರಂಭವಾಗಿ, ಮಧ್ಯಯುಗದ ನಕ್ಷೆಯನ್ನೇ ಅನುಸರಿಸಿ, 1880ರಲ್ಲಿ 157 ಮೀಟರ್ ಎತ್ತರದ ಗೋಪುರಗಳು ಪೂರ್ಣಗೊಂಡವು. ಅಡಿಗಲ್ಲು ಇಟ್ಟವರ ಹೆಸರೇ ಮರೆತುಹೋಗುವಷ್ಟು ಕಾಲದ ನಂತರ, ಅವರು ನೆನೆಸಿದ್ದ ಕಟ್ಟಡವನ್ನೇ ಕಟ್ಟಿ ಮುಗಿಸಿದ ಜನರ ಶ್ರದ್ಧೆಗೆ ನಾನು ತಲೆಬಾಗುತ್ತೇನೆ.

ಆ ಅಸ್ಥಿಗಳ ಚಿನ್ನದ ಮಂಜೂಷ ಪ್ರಧಾನ ಬಲಿಪೀಠದ ಹಿಂದೆ ಗಾಜಿನ ಆವರಣದಲ್ಲಿದೆ. ಅದು ಸುಮಾರು 2.2 ಮೀಟರ್ ಉದ್ದವಿದ್ದು, ಚರ್ಚಿನ ಆಕಾರದಲ್ಲಿಯೇ ರೂಪುಗೊಂಡಿದೆ. ಮುಂಬದಿಯಲ್ಲಿ ತಾಯಿಯ ಮಡಿಲಲ್ಲಿರುವ ಶಿಶುವಿಗೆ ಕಾಣಿಕೆ ತಂದ ಮೂವರ ಹಿಂದೆ ನಾಲ್ಕನೆಯವನೊಬ್ಬನಿದ್ದಾನೆ. ಅವನು ಈ ಮುಂಬದಿಗೆ ಚಿನ್ನ ಕೊಟ್ಟ ದೊರೆ ನಾಲ್ಕನೆಯ ಒಟ್ಟೊ. ಮೂವರ ತಲೆಯ ಮೇಲೆ ಕಿರೀಟಗಳಿವೆ, ಅವನ ತಲೆಯ ಮೇಲಿಲ್ಲ. ಇದನ್ನು ಗುರುತಿಸಲು ಕೆಲವು ನಿಮಿಷ ಕದಲದೆ ನಿಲ್ಲಬೇಕಾಗುತ್ತದೆ. ಪಕ್ಕದ ಮೊಗಸಾಲೆಯಲ್ಲಿ ಸುಮಾರು ಸಾವಿರ ವರ್ಷ ಹಳೆಯದಾದ, ಆಳೆತ್ತರದ ಮರದ ಶಿಲುಬೆಮೂರ್ತಿಯಿದೆ. ಕಣ್ಣು ಮುಚ್ಚಿ ತಲೆ ಬಾಗಿಸಿದ ಆ ಮುಖದ ಮುಂದೆ ನನಗಂತೂ ಕ್ಯಾಮೆರಾ ತೆಗೆಯಲು ಮನಸ್ಸಾಗಲಿಲ್ಲ.

ಇನ್ನೊಂದು ವಿಷಯ. ಪ್ರವಾಸಿಗರು ಡಿಸೆಂಬರ್ 25 ಕಳೆದೊಡನೆ ಹಬ್ಬ ಮುಗಿಯಿತೆಂದು ತಿಳಿಯುತ್ತಾರೆ, ಸಂತೆಗಳೂ ಆ ಹೊತ್ತಿಗೆ ಎತ್ತಂಗಡಿಯಾಗಿರುತ್ತವೆ. ಚರ್ಚಿನ ಲೆಕ್ಕ ಬೇರೆ. 25ರ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲಕ್ಕೆ, ಅಂದರೆ ಕಾಯುವ ಕಾಲಕ್ಕೆ, ಸೇರಿದವು. ಕ್ರಿಸ್‌ಮಸ್ ಕಾಲ ಆರಂಭವಾಗುವುದೇ ಹಬ್ಬದಿಂದ. ಆ ಜೋಯಿಸರನ್ನು ಮೂವರು ರಾಜರೆಂದು ನೆನೆಯುವ, ಜನವರಿ 6ರ ಮೂರು ರಾಯರ ಹಬ್ಬಕ್ಕೆ ಕಲೋನ್‌ನಲ್ಲಿ ಮಂಜೂಷದ ಮುಂಬದಿಯ ಫಲಕವೊಂದನ್ನು ತೆಗೆದು, ಒಳಗಿರುವ ಕಿರೀಟ ತೊಡಿಸಿದ ಮೂರು ತಲೆಬುರುಡೆಗಳನ್ನು ಭಕ್ತರ ದರ್ಶನಕ್ಕೆ ಇಡುತ್ತಾರೆ. ನಿಜವಾದ ಆಸಕ್ತಿಯಿರುವವರಿಗೆ ಹಬ್ಬದ ನಂತರದ ಆ ದಿನಗಳೇ ಒಳ್ಳೆಯವು ಎಂದು ನನ್ನ ಅಭಿಪ್ರಾಯ.

ಇಂತಹ ಕೆಥೆಡ್ರಲ್‌ಗಳಲ್ಲಿ ಪೂಜೆ ನಡೆಯುವಾಗ ಸುತ್ತಾಡಿ ನೋಡಲು ಬಿಡುವುದಿಲ್ಲ. ಇದು ಗೊತ್ತಿಲ್ಲದೆ ಬಾಗಿಲಲ್ಲಿ ವಾದಿಸುವವರನ್ನು ನಾನು ಕಂಡಿದ್ದೇನೆ. ಮುಂದಿನ ಡಿಸೆಂಬರಿನಲ್ಲಿ ತಮ್ಮ ಪ್ರವಾಸ ಪುಟ ಸಿದ್ಧವಾಗುವಾಗ ರಾತ್ರಿಯ ಚಿತ್ರದ ಜೊತೆಗೆ ಹಗಲಿನಲ್ಲಿ ಒಳಗಿನಿಂದ ತೆಗೆದ ಒಂದು ಕಿಟಕಿಯ ಚಿತ್ರವನ್ನೂ, ಪೂಜೆಯ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು ಹೋಗಬೇಕೆಂಬ ಸೂಚನೆಯನ್ನೂ, ಮೇಣದಬತ್ತಿಗಳ ಮುಂದಿನ ಜಾಗವನ್ನು ಪ್ರಾರ್ಥಿಸುವವರಿಗೆ ಬಿಟ್ಟುಕೊಡಬೇಕೆಂಬ ಒಂದು ಸಾಲನ್ನೂ ಸೇರಿಸಬೇಕೆಂದು ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ